ರಿಕ್ರೂಟರ್ ಹೇಳಿದ್ದು, ಹೇಳದೇ ಬಿಟ್ಟಿದ್ದು

ಮಗಳು ಮೆಡಿಕಲ್ ಸ್ಕೂಲುಗಳಿಗೆ ಅರ್ಜಿ ಹಾಕಿದ ವರ್ಷ, ಅಂದರೆ 2023ರಲ್ಲಿ, ನಮ್ಮ ಮನೆಗೆ ಅಮೆರಿಕದ ಸೇನೆಯ ರಿಕ್ರೂಟರ್‌ಗಳ, ಅಂದರೆ ಸೇನೆಗೆ ಜನರನ್ನು ಸೇರಿಸುವವರ, ಫೋನು ಬರಲು ಶುರುವಾಯಿತು. ಕಾಲೇಜಿನಲ್ಲಿ ನಡೆದ ಒಂದು ಮೇಳದಲ್ಲಿ ಅವಳೇ ನಂಬರ್ ಕೊಟ್ಟು ಬಂದಿದ್ದಳು. ನಾವಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ನನ್ನ ತವರು ತಿಪಟೂರು. ನಮ್ಮ ಕಡೆಯಲ್ಲಾಗಲಿ ನಮ್ಮೆಜಮಾನರ ಕಡೆಯಲ್ಲಾಗಲಿ ಮಿಲಿಟರಿಗೆ ಹೋದವರು ಒಬ್ಬರೂ ಇಲ್ಲ. "ಅಮ್ಮ, ಓದಿನ ಖರ್ಚೆಲ್ಲ ಅವರೇ ಕೊಡ್ತಾರಂತೆ" ಎಂದು ಅವಳು ಹೇಳಿದಾಗ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಯುದ್ಧಕ್ಕೆ ಕಳಿಸ್ತಾರಾ?"

ಹಣದ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದ ಕಾಲ ಅದು. ಇಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿದ ಮೇಲೆ ಇನ್ನೂ ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಅದಾದ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಒಂದು ವಿಭಾಗದಲ್ಲಿ ಪಡೆಯುವ ತರಬೇತಿ. ಖಾಸಗಿ ಸ್ಕೂಲಾದರೆ ಫೀಸು, ಬಾಡಿಗೆ, ಊಟ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 3 ಲಕ್ಷ ಡಾಲರ್ ದಾಟುವುದು ಮಾಮೂಲು. 2 ಲಕ್ಷ ಡಾಲರ್ ಸಾಲ ಹೊತ್ತುಕೊಂಡು ಕೆಲಸ ಶುರು ಮಾಡುವ ಡಾಕ್ಟರುಗಳು ಇಲ್ಲಿ ಬೇಕಾದಷ್ಟು ಜನ. ನಮಗೆ ಕಾಲೇಜಿಗೆ ಹೋಗಬೇಕಾದ ಮಗನೂ ಒಬ್ಬನಿದ್ದಾನೆ. ಹಾಗಾಗಿ ಭಯ ಇದ್ದರೂ ಕೇಳಿಸಿಕೊಳ್ಳದೇ ಇರಲು ಆಗಲಿಲ್ಲ.

ಈ ಸ್ಕಾಲರ್‌ಶಿಪ್ಪಿನ ಪೂರ್ತಿ ಹೆಸರು ಹೆಲ್ತ್ ಪ್ರೊಫೆಷನ್ಸ್ ಸ್ಕಾಲರ್‌ಶಿಪ್ ಪ್ರೋಗ್ರಾಂ. ಎಲ್ಲರೂ ಎಚ್‌ಪಿಎಸ್‌ಪಿ ಎಂದೇ ಕರೆಯುತ್ತಾರೆ. ವಿಯೆಟ್ನಾಂ ಯುದ್ಧದ ತನಕ ಇಲ್ಲಿ ಡಾಕ್ಟರುಗಳನ್ನೂ ಕಡ್ಡಾಯವಾಗಿ ಸೇನೆಗೆ ಕರೆಯುತ್ತಿದ್ದರು. ಆ ಕಡ್ಡಾಯ ಭರ್ತಿ 1973ರಲ್ಲಿ ನಿಂತಿತು. ಇನ್ನು ಮುಂದೆ ಸೇನೆಗೆ ಡಾಕ್ಟರುಗಳು ಎಲ್ಲಿಂದ ಬರಬೇಕು? ಅದಕ್ಕಾಗಿಯೇ ಒಂದು ವರ್ಷ ಮೊದಲೇ, 1972ರಲ್ಲಿ, ಕಾನೂನು ಮಾಡಿ ಈ ಯೋಜನೆ ತಂದರು. ಆರ್ಮಿ, ನೇವಿ, ಏರ್‌ಫೋರ್ಸ್ ಮೂರರಲ್ಲೂ ಇದೆ. ನೇವಿಯ ಜೊತೆಗಿರುವ ಯುದ್ಧಪಡೆಯಾದ ಮರೀನ್‌ಗಳಿಗೆ ಸ್ವಂತ ಡಾಕ್ಟರುಗಳಿಲ್ಲ, ನೇವಿಯವರೇ ಹೋಗುತ್ತಾರೆ. ಇದು ನನಗೆ ಆಮೇಲೆ ತಿಳಿದದ್ದು, ಮತ್ತು ಬಹಳ ಮುಖ್ಯವಾದ ವಿಷಯ.

ಮೊದಲು ಬಂದ ರಿಕ್ರೂಟರ್ ಯಾವ ಪಡೆಯವರು ಎಂದು ಹೇಳುವುದಿಲ್ಲ. ಮನೆ ಹತ್ತಿರದ ಕಾಫಿ ಅಂಗಡಿಯಲ್ಲಿ ಭೇಟಿ. ಮಗಳು ನನ್ನನ್ನೂ ಕರೆದುಕೊಂಡು ಹೋದಳು. ನೀಟಾದ ಯೂನಿಫಾರಂ, ನಗುಮುಖ, ಒಳ್ಳೆಯ ಮಾತು. ಫೀಸು ಪೂರ್ತಿ. ಪುಸ್ತಕ, ಸ್ಟೆತಸ್ಕೋಪು ಎಲ್ಲ ಸೇರಿ. ತಿಂಗಳಿಗೆ 2,500 ಡಾಲರ್‌ಗಿಂತ ಜಾಸ್ತಿ ಕೈಖರ್ಚಿಗೆ. ಸಹಿ ಹಾಕಿದ್ದಕ್ಕೆ 20,000 ಡಾಲರ್ ಬೋನಸ್. ವರ್ಷಕ್ಕೆ 45 ದಿನದ ಟ್ರೇನಿಂಗ್, ಆ ದಿನಗಳಿಗೆ ಆಫೀಸರ್ ಸಂಬಳ. ಇದಕ್ಕೆಲ್ಲ ಪ್ರತಿಯಾಗಿ ನಾಲ್ಕು ವರ್ಷ ಸೇವೆ, ಅಷ್ಟೇ. ಹೇಳುತ್ತಾ ಹೋದಂತೆ ನಮ್ಮೆದುರಿನ ಟೇಬಲ್ ಮೇಲೆ ಬಣ್ಣದ ಹಾಳೆಗಳು ಬಂದು ಕೂತವು. ಒಂದರಲ್ಲಿ ಹವಾಯಿ, ಇನ್ನೊಂದರಲ್ಲಿ ಜರ್ಮನಿ.

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ರಿಕ್ರೂಟರ್‌ಗಳೆಲ್ಲ ಮೋಸಗಾರರು ಎಂದು ನಮ್ಮ ಜನ ಮಾತಾಡುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸಿಲ್ಲ. ಅವರಿಗೂ ವರ್ಷಕ್ಕೆ ಇಷ್ಟು ಜನರನ್ನು ಸೇರಿಸಬೇಕು ಎಂಬ ಗುರಿ ಇರುತ್ತದೆ. ಬಹುಪಾಲು ರಿಕ್ರೂಟರ್‌ಗಳು ಡಾಕ್ಟರಲ್ಲ, ಮೆಡಿಕಲ್ ಓದಿದವರಲ್ಲ. ಹಣದ ವಿಷಯ ಅವರಿಗೆ ಚೆನ್ನಾಗಿ ಗೊತ್ತು, ಅದನ್ನು ಚೆನ್ನಾಗಿ ಹೇಳುತ್ತಾರೆ. ಓದು ಮುಗಿದ ಮೇಲೆ ಡಾಕ್ಟರ ಬದುಕು ಹೇಗಿರುತ್ತದೆ ಎಂಬುದು ಅವರಿಗೂ ಅರ್ಧಂಬರ್ಧ ಗೊತ್ತಿರುತ್ತದೆ. ನಾವು ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ.

ಆದರೆ ಅವರು ಮಾಡಿದ ಒಂದು ಕೆಲಸವನ್ನು ನಾನು ಒಪ್ಪುವುದಿಲ್ಲ. ಮಗಳಿಗೆ ಒಂಬತ್ತನೇ ಕ್ಲಾಸಿನಲ್ಲಿ ಓಡುವಾಗ ಉಬ್ಬಸ ಬರುತ್ತಿತ್ತು. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟಿದ್ದರು. ಒಂದು ವರ್ಷದೊಳಗೆ ಹೋಯಿತು, ಆಮೇಲೆ ಇನ್‌ಹೇಲರ್ ಮುಟ್ಟಿಲ್ಲ. ಆದರೆ ಸೇನೆಯ ನಿಯಮದಲ್ಲಿ 13 ವರ್ಷ ತುಂಬಿದ ಮೇಲೆ ಆಸ್ತಮಾ ಇದ್ದರೆ ಅದು ಅನರ್ಹತೆ. ವೇವರ್, ಅಂದರೆ ವಿನಾಯಿತಿ, ಕೇಳಿ ಪಡೆಯಬೇಕು. ಮಗಳು ಈ ವಿಷಯ ಎತ್ತಿದ ತಕ್ಷಣ ಆತ ದನಿ ತಗ್ಗಿಸಿದರು. "ಅದು ಸಣ್ಣವಳಿದ್ದಾಗಿನ ಮಾತಲ್ವಾ? ಬರೆಯಬೇಕಾಗಿಲ್ಲ. ಬರೆದರೆ ತಿಂಗಳುಗಟ್ಟಲೆ ಎಳೆಯುತ್ತದೆ" ಎಂದರು.

ಮಗಳು ಏನೂ ಹೇಳಲಿಲ್ಲ. ಕಾರಿಗೆ ಬಂದು ಕೂತ ಮೇಲೆ "ಅಮ್ಮ, ಡಾಕ್ಟರ್ ಆಗೋಕೆ ಹೊರಟು ಮೊದಲನೇ ಫಾರ್ಮಲ್ಲೇ ನನ್ನ ಕೇಸ್ ಹಿಸ್ಟರಿ ಮುಚ್ಚಿಡ್ಲಾ?" ಎಂದಳು. ಅವಳ ಬಗ್ಗೆ ನನಗೆ ಅಷ್ಟು ಹೆಮ್ಮೆ ಆಗಿದ್ದು ಕಮ್ಮಿ. ನಿಯಮದ ದೃಷ್ಟಿಯಿಂದಲೂ ಅವಳೇ ಸರಿ. ಆ ಫಾರ್ಮಿನ ಮೇಲೆ ಸಹಿ ಹಾಕುವವಳು ಅವಳು, ರಿಕ್ರೂಟರ್ ಅಲ್ಲ. ಗೊತ್ತಿದ್ದೂ ಸುಳ್ಳು ಬರೆದರೆ ಅದು ಅಪರಾಧ. ಅಲ್ಲದೆ ಈಗ ಸೇನೆಯ ಕಂಪ್ಯೂಟರ್ ವ್ಯವಸ್ಥೆ ಆಸ್ಪತ್ರೆ ಮತ್ತು ಔಷಧಿ ಅಂಗಡಿಗಳ ಹಳೆಯ ದಾಖಲೆಗಳನ್ನು ತಾನೇ ಎಳೆದುಕೊಳ್ಳುತ್ತದೆ. ಮುಚ್ಚಿಟ್ಟದ್ದು ಮೂರನೇ ವರ್ಷದಲ್ಲಿ ಹೊರಬಿದ್ದರೆ ಗತಿಯೇನು?

ಆ ರಿಕ್ರೂಟರ್ ಫೋನುಗಳಿಗೆ ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಳು. ನೇವಿಯ ಮೆಡಿಕಲ್ ರಿಕ್ರೂಟರ್‌ಗೆ ತಾನೇ ಬರೆದಳು. ಮಾಲ್ ಪಕ್ಕದಲ್ಲಿ ಆಫೀಸು ಹಾಕಿಕೊಂಡು ಸಿಪಾಯಿ ಕೆಲಸಕ್ಕೆ ಹುಡುಗರನ್ನು ಸೇರಿಸುವವರು ಬೇರೆ, ಡಾಕ್ಟರುಗಳನ್ನು ಸೇರಿಸುವವರು ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಮೊದಲನೆಯವರ ಹತ್ತಿರ ಹೋಗಿ ತಪ್ಪು ಉತ್ತರ ತರುತ್ತಾರೆ.

ಈ ನೇವಿ ರಿಕ್ರೂಟರ್ ಹೆಂಗಸು, ಮಾತು ಕಮ್ಮಿ. ಇನ್‌ಹೇಲರ್ ವಿಷಯ ಕೇಳಿ, "ಎಲ್ಲ ಬರೆ. ಹಳೆಯ ಡಾಕ್ಟರ ದಾಖಲೆ ತರಿಸು. ಕೊನೆಯ ಬಾರಿ ಔಷಧಿ ಕೊಂಡ ತಾರೀಕು ಫಾರ್ಮಸಿಯಿಂದ ಬರೆಸಿಕೋ. ಶ್ವಾಸಕೋಶದ ಪರೀಕ್ಷೆ ಮಾಡಿಸು" ಎಂದರು. ಯುದ್ಧಕ್ಕೆ ಕಳಿಸ್ತಾರಾ ಎಂಬ ನನ್ನ ಪ್ರಶ್ನೆ ಕೇಳಿದೆ. ಆಕೆ ಕಣ್ಣು ತಪ್ಪಿಸಲಿಲ್ಲ. "ಹೌದು ಮ್ಯಾಮ್, ಕಳಿಸಬಹುದು. ಹಡಗಿಗೆ ಕಳಿಸಬಹುದು, ಮರೀನ್‌ಗಳ ಜೊತೆ ಕಳಿಸಬಹುದು. ಕಳಿಸುವುದಿಲ್ಲ ಎಂದು ನಾನು ಮಾತು ಕೊಡಲಾರೆ, ಯಾರಾದರೂ ಕೊಟ್ಟರೆ ನಂಬಬೇಡಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ. ಆದರೂ ಆಕೆಯ ಮೇಲೆ ನಂಬಿಕೆ ಬಂತು.

ಆಮೇಲೆ ಎಸ್‌ಎಫ್-86 ಎಂಬ ಫಾರ್ಮು. ಭದ್ರತಾ ತನಿಖೆಗಾಗಿ ತುಂಬಬೇಕಾದದ್ದು. ನಮ್ಮಂಥ ಮನೆಯ ಮಕ್ಕಳಿಗೆ ಇದು ದೊಡ್ಡ ಕೆಲಸ. ಅಪ್ಪ ಅಮ್ಮ ಹುಟ್ಟಿದ್ದು ಎಲ್ಲಿ, ಅಮೆರಿಕದ ಪೌರತ್ವ ಸಿಕ್ಕಿದ್ದು ಯಾವಾಗ, ಸರ್ಟಿಫಿಕೇಟ್ ನಂಬರ್ ಏನು? ಕಳೆದ ಏಳು ವರ್ಷದಲ್ಲಿ ಯಾವ ದೇಶಕ್ಕೆ ಹೋಗಿದ್ದೆ? ಬೇರೆ ದೇಶದ ಯಾರ ಜೊತೆ ಹತ್ತಿರದ ಒಡನಾಟ ಇದೆ? ನೆಂಟರಾದರೂ ಬರೆಯಬೇಕು. ಅಂದರೆ ತಿಪಟೂರಿನ ನಮ್ಮಮ್ಮನನ್ನೂ ಬರೆಯಬೇಕು, ನನ್ನ ತಮ್ಮನನ್ನೂ ಬರೆಯಬೇಕು. ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀ, ಹೇಗೆ ಮಾತಾಡುತ್ತೀ? ವಾರಕ್ಕೊಮ್ಮೆ, ವಾಟ್ಸಾಪಿನಲ್ಲಿ. ಅವರು ಆ ದೇಶದ ಸರ್ಕಾರದ ಜೊತೆ ಸಂಬಂಧ ಇರುವವರೇ? ನನ್ನ ತಮ್ಮ ಸರ್ಕಾರಿ ಶಾಲೆಯ ಮೇಷ್ಟ್ರು. ಅದನ್ನೂ ಬರೆದಳು.

ಅಮ್ಮನ ಹುಟ್ಟಿದ ತಾರೀಕು ಕೇಳಲು ಫೋನ್ ಮಾಡಿದೆ. "ಯುಗಾದಿ ಆಗಿ ಹದಿನೈದು ದಿನಕ್ಕೆ ಅಂತ ನಮ್ಮವ್ವ ಹೇಳ್ತಿದ್ಳು" ಎಂದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಕು ಬೇರೆ. ಫಾರ್ಮಿನಲ್ಲಿ ಅಂದಾಜು ಎಂದು ಗುರುತು ಹಾಕಲು ಜಾಗ ಇದೆ, ಅದು ಉಪಯೋಗಕ್ಕೆ ಬಂತು. ಮಾತಿನ ನಡುವೆ ಅಮ್ಮ ಇನ್ನೊಂದು ವಿಷಯ ಹೇಳಿದರು. ಮೊಮ್ಮಗಳ ಮದುವೆಗೆಂದು ಅವಳ ಹೆಸರು ಸೇರಿಸಿ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ಬೇರೆ ದೇಶದಲ್ಲಿ ಹಣ ಇದೆಯೇ ಎಂಬ ಪ್ರಶ್ನೆಯೂ ಆ ಫಾರ್ಮಿನಲ್ಲಿದೆ. ತಮ್ಮ ಪಾಸ್‌ಬುಕ್ಕಿನ ಫೋಟೋ ಕಳಿಸಿದ, ಅದೂ ಸೇರಿತು. ಅವಳ ಓಸಿಐ ಕಾರ್ಡಿನ ಬಗ್ಗೆ ನಮಗೆ ಆತಂಕ ಇತ್ತು. ಓಸಿಐ ಎಂಬುದು ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡು, ಭಾರತದ ಪೌರತ್ವ ಅಲ್ಲ, ಅದನ್ನು ಹಾಗೆಯೇ ವಿವರಿಸಿ ಬರೆದಳು. ಇದರಲ್ಲಿ ಯಾವುದೂ ಅವಳಿಗೆ ಅಡ್ಡ ಬರಲಿಲ್ಲ. ಊರಲ್ಲಿ ನೆಂಟರಿದ್ದಾರೆ ಎಂದು ಮುಚ್ಚಿಡಬೇಕಾದ್ದು ಏನೂ ಇಲ್ಲ. ಬರೆಯದೇ ಬಿಟ್ಟರೆ ಮಾತ್ರ ತೊಂದರೆ.

ದೇಹದ ಪರೀಕ್ಷೆಗೆ ಮೆಪ್ಸ್ ಎಂಬ ಕೇಂದ್ರಕ್ಕೆ ಹೋಗಿ ಬಂದಳು. ಬೆಳಗಿನ ಜಾವವೇ ಏಳಬೇಕು, ಇಡೀ ದಿನ ಸಾಲಿನಲ್ಲಿ ನಿಲ್ಲಬೇಕು. ವೇವರ್ ಬರಲು ತಿಂಗಳುಗಳೇ ಹಿಡಿದವು. ಬಂತು.

ಇಷ್ಟಾದರೂ ಅವಳು ಸಹಿ ಹಾಕಿರಲಿಲ್ಲ. ಅವಳಿಗೆ ಮಕ್ಕಳ ಡಾಕ್ಟರ್ ಆಗಬೇಕೆಂಬ ಆಸೆ. ಆ ಆಸೆ ಸೇನೆಯಲ್ಲಿ ನಡೆಯುತ್ತದೆಯೇ ಎಂಬುದಕ್ಕೆ ರಿಕ್ರೂಟರ್ ಉತ್ತರ ಸಾಲದು ಎಂದು ಅವಳಿಗೆ ಅನ್ನಿಸಿತು. ರಿಕ್ರೂಟರೇ ಕೊಟ್ಟ ಡಾಕ್ಟರುಗಳ ನಂಬರ್ ಬಿಟ್ಟು, ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ನೇವಿಗೆ ಹೋದವರನ್ನು ಹುಡುಕಿದಳು. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್‌ನಲ್ಲಿ ಮರೀನ್‌ಗಳ ಜೊತೆ ಇದ್ದ ಒಬ್ಬ ಡಾಕ್ಟರ್ ಒಂದು ಭಾನುವಾರ ವಿಡಿಯೋ ಕಾಲಿಗೆ ಬಂದರು. ಇಡೀ ವರ್ಷದಲ್ಲಿ ಅತಿ ಹೆಚ್ಚು ಕಲಿತದ್ದು ಆ ಒಂದು ಗಂಟೆಯಲ್ಲಿ.

ಬೇರೆ ಮಕ್ಕಳು ನಾಲ್ಕನೇ ವರ್ಷದಲ್ಲಿ ದೇಶದ ಯಾವ ಆಸ್ಪತ್ರೆಯ ರೆಸಿಡೆನ್ಸಿಗೆ ಬೇಕಾದರೂ ಅರ್ಜಿ ಹಾಕುತ್ತಾರೆ, ಮಾರ್ಚ್‌ನಲ್ಲಿ ಫಲಿತಾಂಶ. ಸ್ಕಾಲರ್‌ಶಿಪ್ ಪಡೆದವರು ಮೊದಲು ಸೇನೆಯ ಆಯ್ಕೆಗೆ ಹೋಗಬೇಕು, ಅದರ ಫಲಿತಾಂಶ ಡಿಸೆಂಬರ್‌ನಲ್ಲಿ. ಯಾವ ವಿಭಾಗಕ್ಕೆ ಎಷ್ಟು ಜನ ಬೇಕು ಎಂದು ಆ ವರ್ಷದ ಅಗತ್ಯ ನೋಡಿ ಸೇನೆಯೇ ತೀರ್ಮಾನಿಸುತ್ತದೆ. ನೇವಿಯಲ್ಲಿ ದೊಡ್ಡ ಟ್ರೇನಿಂಗ್ ಆಸ್ಪತ್ರೆಗಳು ಕೆಲವೇ. ಸ್ಯಾನ್ ಡಿಯೇಗೊ, ವರ್ಜೀನಿಯಾದ ಪೋರ್ಟ್ಸ್‌ಮತ್, ಮೂರು ಪಡೆಗಳೂ ಸೇರಿ ಕೆಲಸ ಮಾಡುವ ಬೆಥೆಸ್ಡಾದ ವಾಲ್ಟರ್ ರೀಡ್. ಒಂದು ವರ್ಷದ ಇಂಟರ್ನ್‌ಶಿಪ್ ಮುಗಿದ ಮೇಲೆ ಹಲವರನ್ನು ರೆಸಿಡೆನ್ಸಿ ಮುಂದುವರಿಸಲು ಬಿಡದೆ ಜನರಲ್ ಮೆಡಿಕಲ್ ಆಫೀಸರ್ ಆಗಿ ಹಡಗಿಗೋ ಮರೀನ್ ತುಕಡಿಗೋ ಕಳಿಸುತ್ತಾರೆ. ಎರಡು ಮೂರು ವರ್ಷ ಅಲ್ಲಿರಬೇಕು. ಆ ವರ್ಷಗಳು ನಾಲ್ಕು ವರ್ಷದ ಸೇವೆಯ ಋಣದ ಲೆಕ್ಕಕ್ಕೆ ಸೇರುತ್ತವೆ. ರೆಸಿಡೆನ್ಸಿಯ ವರ್ಷಗಳು ಸೇರುವುದಿಲ್ಲ. "ನಾಲ್ಕು ವರ್ಷ, ಅಷ್ಟೇ" ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇದೆ. ಒಪ್ಪಂದದಲ್ಲಿ ಒಟ್ಟು ಎಂಟು ವರ್ಷ ಎಂದು ಬರೆದಿರುತ್ತದೆ, ಉಳಿದದ್ದು ಬೇಕಾದಾಗ ಕರೆಯಬಹುದಾದವರ ರಿಸರ್ವ್ ಪಟ್ಟಿಯಲ್ಲಿ.

"ಮಕ್ಕಳ ವಿಭಾಗ ಸಿಗಬಹುದು, ತಡವಾಗಬಹುದು. ತಡವಾದರೆ ನಿನಗೆ ಸಂಕಟ ಆಗುತ್ತದಾ?" ಎಂದು ಆ ಡಾಕ್ಟರ್ ಕೇಳಿದರು. "ಬರೀ ಸಾಲ ತಪ್ಪಿಸಿಕೊಳ್ಳಲು ಬರಬೇಡ. ಸಾಲಕ್ಕೆ ಬೇರೆ ದಾರಿಗಳಿವೆ. ಇಪ್ಪತ್ತು ವರ್ಷದ ಹುಡುಗ ಮರೀನ್‌ಗಳನ್ನು ನೋಡಿಕೊಳ್ಳುವ ಕೆಲಸ ನಿನಗೆ ಇಷ್ಟವಾ ಎಂದು ಯೋಚಿಸು." ಮರೀನ್‌ಗಳ ಜೊತೆಗಿನ ವರ್ಷಗಳು ತಮಗೆ ಕೊಟ್ಟ ಧೈರ್ಯವನ್ನೂ ಹೇಳಿದರು, ಗಂಡ ಎರಡು ಸಲ ಕೆಲಸ ಬಿಡಬೇಕಾದದ್ದನ್ನೂ ಹೇಳಿದರು.

ನಮ್ಮೆಜಮಾನರು ಪರ, ನಾನು ವಿರೋಧ. ಮನೆಯಲ್ಲಿ ಬಹಳ ದಿನ ಈ ಮಾತೇ ನಡೆಯಿತು. ಹಳ್ಳಿ ಕಡೆ, ಡಾಕ್ಟರು ಕಮ್ಮಿ ಇರುವ ಕಡೆ ಕೆಲಸ ಮಾಡುವವರಿಗೆ ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್ ಕೊಡುವ ಸ್ಕಾಲರ್‌ಶಿಪ್ ಇದೆ. ಸರ್ಕಾರಿ ಅಥವಾ ಲಾಭಕ್ಕಲ್ಲದ ಆಸ್ಪತ್ರೆಯಲ್ಲಿ ದುಡಿಯುತ್ತಾ ಹತ್ತು ವರ್ಷ ಕಂತು ಕಟ್ಟಿದರೆ ಉಳಿದ ಕೇಂದ್ರ ಸರ್ಕಾರದ ಸಾಲ ಮನ್ನಾ ಮಾಡುವ ಯೋಜನೆ ಇದೆ. ನಾನು ಇವನ್ನೆಲ್ಲ ಅವಳ ಮುಂದಿಟ್ಟೆ. ಅವಳು ತಾಳ್ಮೆಯಿಂದ ಓದಿದಳು. ಕೊನೆಗೆ "ಸ್ಕಾಲರ್‌ಶಿಪ್ ಇಲ್ಲದಿದ್ರೂ ನೇವಿ ಡಾಕ್ಟರ್ ಆಗೋಕೆ ನನಗೆ ಇಷ್ಟ ಇದೆ ಅಮ್ಮ, ಆ ಕಾಲ್ ಆದ್ಮೇಲೆ ಗೊತ್ತಾಯ್ತು" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರಲ್ಲಿ ಮೆಡಿಕಲ್ ಸ್ಕೂಲಿನ ಸೀಟು ಪಕ್ಕಾ ಆದ ಮೇಲೆ, ಒಪ್ಪಂದದ ಪ್ರತಿ ಸಾಲನ್ನೂ ನಾವು ಮೂವರೂ ಕೂತು ಓದಿದೆವು. ಬಾಯಿಮಾತಿನಲ್ಲಿ ಕೇಳಿದ್ದು ಕಾಗದದಲ್ಲಿ ಇಲ್ಲದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ ರಿಕ್ರೂಟರ್‌ಗೆ ಕಳಿಸಿದೆವು. ಆಕೆ ಒಂದೊಂದಕ್ಕೂ ಇಮೇಲಿನಲ್ಲಿ ಉತ್ತರ ಬರೆದರು. ಅವನ್ನೆಲ್ಲ ಮಗಳು ಇಟ್ಟುಕೊಂಡಿದ್ದಾಳೆ. ಈಗ ಅವಳು ಎನ್‌ಸೈನ್, ನೇವಿ ಆಫೀಸರ್‌ಗಳ ಮೊದಲ ದರ್ಜೆ. ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ ಐದು ವಾರದ ಆಫೀಸರ್ ಟ್ರೇನಿಂಗ್ ಮುಗಿಸಿ ಬಂದಳು.

ಈಚೆಗೆ ನನಗೆ ಬೇರೆ ಅಮ್ಮಂದಿರ ಫೋನು ಜಾಸ್ತಿಯಾಗಿದೆ. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಡಿಗ್ರಿ ಆದ ಮೇಲೆ ಓದುವವರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಗ್ರಾಡ್ ಪ್ಲಸ್ ಸಾಲ ಹೊಸಬರಿಗೆ ಇಲ್ಲ. ಮೆಡಿಕಲ್ ಓದುವವರಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್‌ಗೆ ನಿಲ್ಲುತ್ತದೆ. ಉಳಿದದ್ದಕ್ಕೆ ಖಾಸಗಿ ಬ್ಯಾಂಕು. ಹಾಗಾಗಿ ರಿಕ್ರೂಟರ್‌ಗಳ ಮಾತು ಈಗ ಇನ್ನೂ ಸಿಹಿಯಾಗಿ ಕೇಳಿಸುತ್ತದೆ. ಹೋದ ವಾರ ಕನ್ನಡ ಸಂಘದ ಒಬ್ಬರು, "ನಮ್ಮ ಹುಡುಗ ನಾಳೆ ಸಹಿ ಹಾಕ್ತಾನಂತೆ ಅಕ್ಕ, ಏನ್ಮಾಡ್ಲಿ?" ಎಂದು ಗಾಬರಿಯಿಂದ ಕೇಳಿದರು. ಯಾರಾದರೂ ಸೇನೆಯ ಡಾಕ್ಟರ ಜೊತೆ ಮಾತಾಡಿದ್ದಾನಾ ಎಂದೆ. ಇಲ್ಲ ಎಂದರು. ಹಾಗಾದರೆ ನಾಳೆ ಬೇಡ, ಮೊದಲು ನನ್ನ ಮಗಳಿಗೆ ಫೋನ್ ಮಾಡಲಿ ಎಂದು ನಂಬರ್ ಕೊಟ್ಟೆ. ಅವನು ಅದೇ ರಾತ್ರಿ ಮಾಡಿದನಂತೆ, ಅವಳು ಅವನಿಗೆ ಪೆಂಡಲ್ಟನ್‌ನ ಆ ಡಾಕ್ಟರನ್ನು ಪರಿಚಯಿಸಿದ್ದಾಳೆ.