ಹೊಟ್ಟು ಮೂರು ಕೆ.ಜಿ., ಎಣ್ಣೆ ನಾಲ್ಕು: ಬ್ರಾಯ್ಲರ್ ಮರಿಗಳ ಆಹಾರ ಪ್ರಯೋಗ ಇಲ್ಲಿಯವರೆಗೆ

ಶೆಡ್ಡಿನ ಮೂರು ಅಂಕಣಗಳಲ್ಲಿ ಈಗ ಮೂರು ವಾರ ತುಂಬಿದ ಮರಿಗಳಿವೆ. ಮೊದಲ ಅಂಕಣಕ್ಕೆ ಮಾಮೂಲಿ ಆಹಾರ. ಎರಡನೆಯದಕ್ಕೆ ನೂರು ಕೆ.ಜಿ.ಗೆ ಮೂರು ಕೆ.ಜಿ. ಭತ್ತದ ಹೊಟ್ಟು ಬೆರೆಸಿ, ಸೋಯಾ ಎಣ್ಣೆ ಹಾಕಿದ ಆಹಾರ. ಮೂರನೆಯದಕ್ಕೂ ಅಷ್ಟೇ ಹೊಟ್ಟು, ಎಣ್ಣೆ ಮಾತ್ರ ತಾಳೆಯದು. ಪಕ್ಕದ ತೋಟದಲ್ಲಿ ಕಂಪನಿಗೆ ಕೋಳಿ ಸಾಕಿಕೊಡುವ ಅಣ್ಣನವರು ಇದನ್ನು ನೋಡಿ, "ಹೊಟ್ಟು ಹಾಸುವುದಕ್ಕೆ ಇರುವುದು ಮಾರಾಯಾ, ತಿನ್ನಿಸುವುದಕ್ಕಲ್ಲ" ಎಂದು ನಕ್ಕರು. ಅವರ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಕೋಳಿ ಆಹಾರದ ಭಾರತೀಯ ಮಾನಕವೇ ಬ್ರಾಯ್ಲರ್ ಆಹಾರದಲ್ಲಿ ಕಚ್ಚಾ ನಾರು ಶೇ 5 ದಾಟಬಾರದು ಎನ್ನುತ್ತದೆ. ನಾರು ಎಂದರೆ ಜಾಗ ತಿನ್ನುವ ಕಸ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು.

ಆ ನಂಬಿಕೆಯನ್ನು ಅಲ್ಲಾಡಿಸಿದ್ದು ನಾರ್ವೆ ಮತ್ತು ಸ್ಪೇನ್‌ನ ಸಂಶೋಧಕರು. ಮ್ಯಾಡ್ರಿಡ್‌ನಲ್ಲಿ ಮಾಟೆಯೋಸ್ ಅವರ ತಂಡ ಎಳೆಯ ಬ್ರಾಯ್ಲರ್‌ಗಳಿಗೆ ಶೇ 3ರಷ್ಟು ಓಟ್ಸ್ ಹೊಟ್ಟು ಕೊಟ್ಟು ನೋಡಿತು. ಗಿಜರ್ಡ್ ದೊಡ್ಡದಾಯಿತು, ಒಳಗಿನ ಆಮ್ಲ ಹೆಚ್ಚಿತು, ತಿಂದದ್ದು ಚೆನ್ನಾಗಿ ಜೀರ್ಣವಾಯಿತು. ಗಿಜರ್ಡ್ ಎಂದರೆ ಚಿಕನ್ ಅಂಗಡಿಯಲ್ಲಿ ಲಿವರ್ ಜೊತೆ ತೂಗಿಕೊಡುವ ಆ ಗಟ್ಟಿ ಮಾಂಸದ ಗುಂಡು. ಕೋಳಿಗೆ ಹಲ್ಲಿಲ್ಲ, ಅರೆಯುವ ಕೆಲಸವೆಲ್ಲ ಅದರದು. ಓಟ್ಸ್ ಹೊಟ್ಟನ್ನು ದಾವಣಗೆರೆ ಕಡೆ ಎಲ್ಲಿ ಹುಡುಕಲಿ? ಭದ್ರಾ ನಾಲೆಯ ಸೀಮೆಯಲ್ಲಿ ಅಕ್ಕಿ ಗಿರಣಿಗಳಿಗೇನೂ ಬರವಿಲ್ಲ. ಭತ್ತದ ಹೊಟ್ಟೂ ನೀರಿನಲ್ಲಿ ಕರಗದ, ಅಂಟಾಗದ ನಾರೇ. ಅದನ್ನೇ ತಂದೆ.

ಲೆಕ್ಕ ಹಾಕಲು ಕುಳಿತಾಗ ಗೊತ್ತಾಯಿತು, ಹೊಟ್ಟಿನ ಪ್ರಶ್ನೆ ಅಸಲಿಗೆ ಎಣ್ಣೆಯ ಪ್ರಶ್ನೆ.

ಮಾಮೂಲಿ ಆಹಾರದ ಲೆಕ್ಕ ಹೀಗಿದೆ: ನೂರು ಕೆ.ಜಿ.ಯಲ್ಲಿ ಮೆಕ್ಕೆಜೋಳ 56, ಸೋಯಾ ಹಿಂಡಿ 38, ಸೋಯಾ ಎಣ್ಣೆ 2. ಉಳಿದ 4 ಕೆ.ಜಿ. ಖನಿಜ, ಸುಣ್ಣದ ಪುಡಿ, ಉಪ್ಪು, ವಿಟಮಿನ್, ಅಮೈನೋ ಆಮ್ಲಗಳು. ಪ್ರೋಟೀನ್ ಶೇ 22ರ ಆಸುಪಾಸು, ಶಕ್ತಿ ಕೆ.ಜಿ.ಗೆ 2,960 ಕಿಲೋ ಕ್ಯಾಲೊರಿ. ಈಗ 3 ಕೆ.ಜಿ. ಜೋಳ ತೆಗೆದು ಆ ಜಾಗಕ್ಕೆ ಹೊಟ್ಟು ಹಾಕಿದರೆ, ಜೋಳದ ಕೆ.ಜಿ.ಗೆ 3,350ರಂತೆ, ಆಹಾರದ ಪ್ರತಿ ಕೆ.ಜಿ.ಯಲ್ಲಿ ನೂರು ಕಿಲೋ ಕ್ಯಾಲೊರಿ ಹೋಯಿತು. ಆ ಖೋತಾ ತುಂಬಲು ಎಣ್ಣೆ ಬೇಕು. ಎಣ್ಣೆಗೆ ಜಾಗ ಮಾಡಲು ಇನ್ನಷ್ಟು ಜೋಳ ತೆಗೆಯಬೇಕು. ಜೋಳದ ಜೊತೆ ಅದರ ಪ್ರೋಟೀನೂ ಹೋಗುವುದರಿಂದ ಹಿಂಡಿಯನ್ನು ಹೆಚ್ಚಿಸಬೇಕು. ಕೊನೆಗೆ ಕೂಡಿಸಿ ಕಳೆದು ನಿಂತದ್ದು ಜೋಳ 50, ಹಿಂಡಿ 39, ಹೊಟ್ಟು 3, ಎಣ್ಣೆ 4. ಪುಕ್ಕಟೆ ಸಿಗುವ ಹೊಟ್ಟು ಮೂರೇ ಕೆ.ಜಿ. ಹಾಕಲು ಹೋಗಿ ಎಣ್ಣೆ ಇಮ್ಮಡಿಯಾಯಿತು. ಒಂದು ಕೆ.ಜಿ. ಎಣ್ಣೆಯ ದುಡ್ಡಿಗೆ ಐದಾರು ಕೆ.ಜಿ. ಜೋಳ ಬರುತ್ತದೆ ಎಂಬುದನ್ನು ನೆನೆದರೆ ಹೊಟ್ಟು ಅಷ್ಟೇನೂ ಪುಕ್ಕಟೆಯಲ್ಲ. ಕಚ್ಚಾ ನಾರು ಮಾತ್ರ ಶೇ ಮೂರೂವರೆಯಿಂದ ನಾಲ್ಕೂವರೆಯ ಮೇಲೆ ಹೋಗಿ ಮಾನಕದ ಗೆರೆಯೊಳಗೇ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ದುಡ್ಡಿನ ಮಾತಾಗುತ್ತಿತ್ತು. ಆದರೆ ಹೀಗೆ ಸುರಿದ ಎಣ್ಣೆಯನ್ನು ಎಳೆಯ ಮರಿ ಜೀರ್ಣಿಸಿಕೊಳ್ಳಬೇಕಲ್ಲ? ಮೊಟ್ಟೆಯೊಳಗಿರುವಾಗ ಮರಿಗೆ ಬೇಕಾದ ಶಕ್ತಿಯಲ್ಲಿ ಶೇ 90ಕ್ಕೂ ಹೆಚ್ಚು ಹಳದಿಯ ಕೊಬ್ಬಿನಿಂದಲೇ ಬರುತ್ತದೆ. ಅಷ್ಟು ಕೊಬ್ಬು ಉಂಡು ಬೆಳೆದ ಮರಿ ಹೊರಬಂದ ಮೇಲೆ ಆಹಾರದ ಕೊಬ್ಬನ್ನು ಅರಗಿಸಲು ತಿಣುಕುತ್ತದೆ. ಹಳದಿಯ ಕೊಬ್ಬು ನೇರ ರಕ್ತಕ್ಕೆ ಸೇರುತ್ತಿತ್ತು. ಆಹಾರದ ಕೊಬ್ಬಿಗೆ ಪಿತ್ತರಸ ಬೇಕು, ಕೊಬ್ಬು ಒಡೆಯುವ ಕಿಣ್ವ ಲೈಪೇಸ್ ಬೇಕು. ಮೊದಲ ವಾರ ಎರಡೂ ಸಾಲದು. ಸೋಯಾ ಎಣ್ಣೆಯ ಅಸಂತೃಪ್ತ ಕೊಬ್ಬು ಇದ್ದಷ್ಟು ಪಿತ್ತದಲ್ಲೂ ಹೇಗೋ ಕರಗುತ್ತದೆ. ತಾಳೆಎಣ್ಣೆಯ ಸಂತೃಪ್ತ ಕೊಬ್ಬಾದ ಪಾಲ್ಮಿಟಿಕ್ ಆಮ್ಲ ಹಾಗಲ್ಲ. ಅದು ಕರುಳಿನಲ್ಲಿ ಸುಣ್ಣದ ಅಂಶದ ಜೊತೆ ಕೂಡಿ ಕರಗದ ಸಾಬೂನಾಗುತ್ತದೆ. ಕೊಬ್ಬೂ ಹೋಯಿತು, ಮೂಳೆಗೆ ಬೇಕಾದ ಕ್ಯಾಲ್ಸಿಯಮ್ಮೂ ಹೋಯಿತು. ಮೂರನೆಯ ಅಂಕಣ ಇಟ್ಟದ್ದು ಇದನ್ನು ನೋಡುವುದಕ್ಕೆ.

ಬೇಕರಿಯವರೊಬ್ಬರು ಕರಿದ ಎಣ್ಣೆಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದರು. ಬೇಡವೆಂದೆ. ಕಮಟು ಹಿಡಿದ ಎಣ್ಣೆ ಮರಿಗಳ ಆಹಾರದ ವಿಟಮಿನ್ ಇ ಅನ್ನು ತಿಂದು ಹಾಕುತ್ತದೆ.

ಇನ್ನು ತಯಾರಿ. ಹೊಟ್ಟನ್ನು ಇಡಿಯಾಗಿ ಹಾಕುವಂತಿಲ್ಲ, ನುಣ್ಣಗೆ ಹಿಟ್ಟು ಮಾಡಿದರೂ ಪ್ರಯೋಜನವಿಲ್ಲ. ನುಣುಪಾದದ್ದು ಗಿಜರ್ಡ್‌ನಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಒರಟು ಚೂರು ಅಲ್ಲಿ ತಡೆದು ನಿಂತರೆ ಮಾತ್ರ ಸ್ನಾಯು ದುಡಿಯಬೇಕಾಗುತ್ತದೆ. ಎರಡು ಮಿಲಿಮೀಟರ್ ಜರಡಿ ಹಾಕಿ ಗಿರಣಿಯಲ್ಲಿ ಒಡೆಸಿದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಗಿರಣಿಯ ಸುತ್ತಿಗೆಗಳನ್ನು ಸವೆಸುತ್ತದೆ. ಗಿರಣಿಯವನ ಮುಖ ನೋಡುವಂತಿತ್ತು. ಹಿಂಡಿಯ ಚೀಲ ಹೊರಲು ಬಂದ ಹುಡುಗರೂ ಧೂಳಿಗೆ ಸೀನುತ್ತ ಹೊರಗೆ ನಿಂತರು.

ಬೆರೆಸುವಾಗ ಎಣ್ಣೆ ಮತ್ತು ಹೊಟ್ಟಿನ ನಂಟು ಇನ್ನೊಂದು ಕಡೆಯಿಂದ ಕಂಡಿತು. ಒಣ ಹೊಟ್ಟನ್ನು ಹಾಗೇ ಬೆರೆಸಿ ತಟ್ಟೆಗೆ ಹಾಕಿದರೆ ಮರಿಗಳು ಜೋಳದ ನುಚ್ಚನ್ನು ಒಂದೊಂದಾಗಿ ಹೆಕ್ಕಿ, ಹೊಟ್ಟನ್ನು ತಟ್ಟೆಯ ಅಂಚಿಗೆ ತಳ್ಳಿಬಿಡುತ್ತವೆ. ಮದುವೆ ಊಟದಲ್ಲಿ ಪಲ್ಯದ ಕರಿಬೇವು ಎಲೆಯಂಚಿಗೆ ಹೋಗುವ ಹಾಗೆ. ಅದಕ್ಕೇ ಈಗ ಮೊದಲು ಹೊಟ್ಟನ್ನೂ ಒಂದಿಷ್ಟು ಜೋಳದ ನುಚ್ಚನ್ನೂ ಬಾಣಲೆಯಲ್ಲಿ ಹಾಕಿ, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಅಂಗೈಯಲ್ಲಿ ತಿಕ್ಕುತ್ತೇನೆ. ಉಂಡೆಗಳು ಒಡೆದು, ಹೊಟ್ಟು ನುಚ್ಚಿಗೆ ಅಂಟಿಕೊಂಡ ಮೇಲೆ ಉಳಿದದ್ದರ ಜೊತೆ ಸೇರಿಸುವುದು. ತಾಳೆಎಣ್ಣೆ ಬೆಳಗಿನ ಚಳಿಗೆ ಗಟ್ಟಿಯಾಗುವುದರಿಂದ ಅದನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬೇಕು.

ಹಾಸಿನ ವಿಷಯದಲ್ಲಿ ಅಣ್ಣನವರ ಮಾತು ಬೇರೆ ರೀತಿಯಲ್ಲಿ ನಿಜವಾಗಿತ್ತು. ಭತ್ತದ ಹೊಟ್ಟಿನ ಹಾಸಿನ ಮೇಲೆ ಬಿಟ್ಟ ಮರಿ ತಟ್ಟೆಯಲ್ಲಿ ಹೊಟ್ಟಿಲ್ಲದಿದ್ದರೂ ನೆಲದಿಂದ ಹೆಕ್ಕಿ ತಿನ್ನುತ್ತದೆ. ಹಾಗಾದರೆ ಮೊದಲ ಅಂಕಣಕ್ಕೂ ಉಳಿದವಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಆದ್ದರಿಂದ ಮೂರೂ ಅಂಕಣಗಳಿಗೆ ನೆಲದಿಂದ ಮೇಲೆ ತಂತಿ ಬಲೆ ಕಟ್ಟಿ, ಮೊದಲ ಕೆಲವು ದಿನ ಅದರ ಮೇಲೆ ಕಾಗದ ಹಾಸಿದೆ. ಹೊಟ್ಟಿನ ಹಾಸಿನ ಮೇಲೆ ಕಂಪನಿ ಕೋಳಿ ಸಾಕುವ ನಮ್ಮವರು ಗೊತ್ತಿಲ್ಲದೆಯೇ ಈ ಪ್ರಯೋಗವನ್ನು ವರ್ಷಗಳಿಂದ ಮಾಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ.

ಮೊದಲ ವಾರ ಕಾವಿನ ಬಲ್ಬಿನ ಕೆಳಗೆ 33 ಡಿಗ್ರಿಯ ಮೇಲೆ ಇಟ್ಟಿದ್ದೆ. ವಾರದ ಕೊನೆಗೆ ತೂಗಿದಾಗ ಮೊದಲೆರಡು ಅಂಕಣಗಳ ಮರಿಗಳು ಸರಾಸರಿ 165 ಗ್ರಾಂ ಆಚೀಚೆ, ತಾಳೆಎಣ್ಣೆಯವು 150ರ ಹತ್ತಿರ. ಮೂರನೆಯ ಅಂಕಣದ ಕಾಗದದ ಮೇಲೆ ಹಿಕ್ಕೆ ಬಿಳಿಚಾಗಿ, ಜಿಡ್ಡಾಗಿತ್ತು. ಒಂದೆರಡು ಮರಿಗಳ ಹಿಂಭಾಗಕ್ಕೆ ಅಂಟಿಕೊಂಡು ಒಣಗಿತ್ತು, ಬೆಚ್ಚಗಿನ ನೀರಿನಲ್ಲಿ ಒರೆಸಬೇಕಾಯಿತು. ಎರಡನೆಯ ವಾರದಲ್ಲಿ ಅದು ನಿಂತಿತು. ಮೂರನೆಯ ವಾರ ಮುಗಿಯುವಾಗ ಹೊಟ್ಟು ಮತ್ತು ಸೋಯಾ ಎಣ್ಣೆಯ ಮರಿಗಳು ಮಾಮೂಲಿ ಆಹಾರದವನ್ನು ತುಸು ಹಿಂದೆ ಹಾಕಿವೆ, ತಾಳೆಎಣ್ಣೆಯವು ಅಂತರವನ್ನು ಕಡಿಮೆ ಮಾಡಿಕೊಳ್ಳುತ್ತಿವೆ. ಇಷ್ಟೇ ಮರಿಗಳಿಂದ ಏನನ್ನೂ ಸಾಬೀತುಪಡಿಸಲಾಗದು, ಆದರೂ ವಯಸ್ಸಾದಂತೆ ಪಿತ್ತ ಕೂಡಿಬರುತ್ತದೆ ಎಂಬ ಮಾತಿಗೆ ಇದು ಹೊಂದುತ್ತದೆ.

ತಕ್ಕಡಿಗಿಂತ ಸ್ಪಷ್ಟವಾಗಿ ಹೇಳಿದ್ದು ಚಾಕು. ಅಂಕಣಕ್ಕೆ ಎರಡರಂತೆ ಕೊಯ್ಯಿಸಿ ಗಿಜರ್ಡ್ ಸೀಳಿ ನೋಡಿದೆ. ಮಾಮೂಲಿ ಆಹಾರದ ಮರಿಯದು ಮೆತ್ತಗೆ, ತೆಳ್ಳಗೆ. ಅದರ ಮೇಲಿನ ಆಮ್ಲ ಸ್ರವಿಸುವ ಭಾಗ ಉಬ್ಬಿ, ಎರಡೂ ಸೇರಿ ಒಂದೇ ಚೀಲದಂತೆ ಕಾಣುತ್ತಿತ್ತು. ಹೊಟ್ಟು ತಿಂದದ್ದರಲ್ಲಿ ನಡುವೆ ಸೊಂಟ ಕಟ್ಟಿದಂತೆ ಗೆರೆ, ಕೆಳಗೆ ಬೆರಳೊತ್ತಿದರೂ ಬಗ್ಗದ ಕೆಂಪು ಸ್ನಾಯು. ಒಳಗಿನ ಹಳದಿ ತೊಗಲು ಸುಲಿದರೆ ಒಂದೇ ಏಟಿಗೆ ಬಂತು, ಮಡಿಕೆಗಳಲ್ಲಿ ಹೊಟ್ಟಿನ ಚೂರುಗಳು ಮಿನುಗುತ್ತಿದ್ದವು. ಖಾಲಿ ಮಾಡಿ ತೂಗಿದರೆ ಮಾಮೂಲಿಯದು 14 ಗ್ರಾಂ, ಹೊಟ್ಟಿನದು 19. ಎಣ್ಣೆ ಯಾವುದೇ ಇರಲಿ, ಗಿಜರ್ಡ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿತ್ತಲಲ್ಲಿ ಕೆದಕಿ ತಿನ್ನುವ ಗಿರಿರಾಜ ತಳಿಯ ಕೋಳಿಯ ಗಿಜರ್ಡ್ ಕೊಯ್ದವರಿಗೆ ಈ ಗಟ್ಟಿತನ ಹೊಸದಲ್ಲ.

ಬಲವಾದ ಗಿಜರ್ಡ್ ಇದ್ದರೆ ಕರುಳಿನ ಮೊದಲ ಭಾಗದ ರಸ ಪಿತ್ತದೊಂದಿಗೆ ಮತ್ತೆ ಮತ್ತೆ ಮೇಲಕ್ಕೆ ಬಂದು ಆಹಾರದ ಜೊತೆ ಕಲೆಯುತ್ತದೆ. ಕೊಬ್ಬು ಒಡೆಯುವುದಕ್ಕೆ ಅದೂ ನೆರವು. ಬಾರ್ಲಿ, ಗೋಧಿಯಂಥ ಅಂಟಾಗುವ ನಾರಿನಲ್ಲಿ ಇದಕ್ಕೆ ತದ್ವಿರುದ್ಧ. ಅದು ಕರುಳಿನಲ್ಲಿ ಲೋಳೆಯಾಗಿ ಪಿತ್ತ ಮತ್ತು ಕೊಬ್ಬು ಸೇರದಂತೆ ತಡೆಯುತ್ತದೆ. ಸಂತೃಪ್ತ ಕೊಬ್ಬಿಗೆ ಹೆಚ್ಚು ಪೆಟ್ಟು. ನಾರು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ನಾನು ಈಗ ಯಾವ ನಾರು, ಯಾವ ಎಣ್ಣೆಯ ಜೊತೆ ಎಂದು ಮರುಪ್ರಶ್ನೆ ಹಾಕುತ್ತೇನೆ.

ಚಳ್ಳಕೆರೆಯಿಂದ ಶೇಂಗಾ ಸಿಪ್ಪೆ ತರಿಸಬಹುದಲ್ಲ ಎಂದು ಗೆಳೆಯರೊಬ್ಬರು ಸೂಚಿಸಿದ್ದಾರೆ. ಶೇಂಗಾ ಎಂದರೆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್‌ನ ಭಯ, ಎಳೆಯ ಮರಿಗಳ ಯಕೃತ್ತಿನೊಂದಿಗೆ ಆ ಜೂಜು ನನಗೆ ಬೇಡ. ಮುಂದಿನ ತಂಡಕ್ಕೆ ಹೊಟ್ಟನ್ನು ಶೇ 2ಕ್ಕೆ ಇಳಿಸಿ, ಮೊದಲ ಎರಡು ವಾರ ಸೋಯಾ ಎಣ್ಣೆ, ಆಮೇಲೆ ಅರ್ಧಕ್ಕರ್ಧ ತಾಳೆಎಣ್ಣೆ ಎಂದುಕೊಂಡಿದ್ದೇನೆ. ಖರ್ಚೂ ತಗ್ಗುತ್ತದೆ. ಸದ್ಯ ಇರುವ ಮೂರನೆಯ ಅಂಕಣದ ಮರಿಗಳನ್ನು ಮಾರುವವರೆಗೂ ತಾಳೆಎಣ್ಣೆಯಲ್ಲೇ ಮುಂದುವರಿಸುತ್ತಿದ್ದೇನೆ. ಅವುಗಳ ಕೊನೆಯ ತೂಕ ಮತ್ತು ತಿಂದ ಆಹಾರದ ಲೆಕ್ಕ ಮುಂದಿನ ಕಂತಿನಲ್ಲಿ.