ಕೈಗೆ ಹತ್ತದ ಗಿಡ

ಅವ್ವನ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಹೊರಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಕಲಬುರಗಿಯ ಏಪ್ರಿಲ್ ಬಿಸಿಲು ಬೇರೆ. ಊರ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ರಸ್ತೆಯ ಆಚೆ ಒಂದು ಚಿತ್ರಪ್ರದರ್ಶನದ ಬ್ಯಾನರ್ ಕಂಡಿತು, ಅದರ ಮೇಲೆ ಸುರುಳಿ ಚಿಪ್ಪು. ನಿಜ ಹೇಳಬೇಕೆಂದರೆ, ಒಳಗೆ ಕೂಲರ್ ಇರಬಹುದು ಅಂತಲೇ ಹೋದೆವು. ಇತ್ತು ಕೂಡ.

ಎಲ್ಲವೂ ಪಳೆಯುಳಿಕೆಗಳ ಚಿತ್ರ. ಬಿಡಿಸಿದವಳು ಚಿತ್ತಾಪುರ ಕಡೆಯ ಹುಡುಗಿ. ಮೊದಲ ಗೋಡೆಯಲ್ಲಿ ಅಮೊನೈಟ್ ಇತ್ತು. ಸಮುದ್ರದಲ್ಲಿದ್ದ ಈ ಸುರುಳಿ ಚಿಪ್ಪಿನ ಪ್ರಾಣಿ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಅಳಿಯಿತು. ಪಕ್ಕದಲ್ಲಿ ತುಳಸಿ ಏರಿಸಿದ ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರವೂ ಅಮೊನೈಟಿನದ್ದೇ ಅಲ್ವಾ. ಜೋಡಿಸಿದ್ದು ಜಾಣತನ, ಆದರೆ ನನಗೆ ಸ್ವಲ್ಪ ಪೋಸ್ಟರ್ ತರಹ ಅನಿಸಿತು.

ಗುರುಮಠಕಲ್ ಬಸವನಹುಳುಗಳು ಇದಕ್ಕಿಂತ ಇಷ್ಟವಾದವು. ಅಲ್ಲಿ ಲಾವಾ ಪದರಗಳ ನಡುವೆ ಸಿಹಿನೀರಿನ ಜೀವಿಗಳ ಗುರುತು ಸಿಕ್ಕಿದೆ. ಒಂದು ಸಲ ಲಾವಾ ಹರಿದು ಆರಿದ ಮೇಲೆ ಕೆರೆ ನಿಂತು, ಕೆರೆಯಲ್ಲಿ ಹುಳು ಬೆಳೆದು, ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಹುಡುಗಿ ಕೆರೆಯನ್ನು ಮಾತ್ರ ಬಿಡಿಸಿದ್ದಳು. ಮೇಲೆ ಮುಕ್ಕಾಲು ಹಾಳೆ ಬರೀ ಕಪ್ಪು.

ಅವ್ವನಿಗೆ ಇದ್ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಹತ್ತಿರ ಹೋದಷ್ಟೂ ಮಬ್ಬು. ನನ್ನ ತೋಳು ಹಿಡಿದು ಸುಮ್ನೆ ನಡೆಯುತ್ತಿದ್ದಳು. ಒಳಗಿನ ಕೋಣೆಯ ನೆಲದ ಮೇಲೆ ಶಹಾಬಾದ್ ಕಲ್ಲಿನ ಫರ್ಸಿಗಳನ್ನು ಇಟ್ಟಿದ್ದರು. ಅದು ಮಾತ್ರ ಅವಳಿಗೆ ಗೊತ್ತಾಯಿತು.

“ಇದು ನಮ್ಮ ಕಲ್ಲು ಅಲ್ಲೇನು?”

ಅವಳ ಅಪ್ಪ ಶಹಾಬಾದ್ ಹತ್ತಿರ ಕಲ್ಲಿನ ಖಣಿಯಲ್ಲಿ ದುಡಿದವನು. ಸಂದಿಗೆ ಹಾರೆ ಕೊಟ್ಟು ಎಬ್ಬಿಸಿದರೆ ರೊಟ್ಟಿ ಪದರದ ಹಾಗೆ ಏಳುವ ಸುಣ್ಣದ ಕಲ್ಲು ಅದು. ನಮ್ಮ ಕಡೆ ಮನೆಯ ನೆಲ, ಕಟ್ಟೆ, ಮೆಟ್ಟಿಲು, ಎಷ್ಟೋ ಕಡೆ ಮಾಳಿಗೆ ಕೂಡ ಇದರದ್ದೇ. ಇಂಥದೇ ಸುಣ್ಣದ ಕಲ್ಲಿನ ಮೇಲೆ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಚಿತ್ರ ಕೆತ್ತಿದ್ದಾರೆ, ಪಕ್ಕದಲ್ಲಿ ಅವನ ಹೆಸರೂ ಇದೆ. ಅದಕ್ಕೂ ಲಕ್ಷಾಂತರ ವರ್ಷ ಮೊದಲು ಹುಣಸಗಿ ಕಡೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲನ್ನೇ ಒಡೆದು ಕೈಗೊಡಲಿ ಮಾಡಿಕೊಂಡಿದ್ದರು. ಈಗ ಸಿಮೆಂಟ್ ಮಾಡುತ್ತೇವೆ.

ಒಂದು ಫರ್ಸಿಯ ಮೇಲೆ ಕಪ್ಪಗೆ ಸಣ್ಣ ಗಿಡದ ಚಿತ್ರ ಮೂಡಿತ್ತು. ಕವಲಿಗೆ ಕವಲು, ಥೇಟ್ ಜರೀಗಿಡ. ನಮ್ಮ ಮನೆಯ ಕಟ್ಟೆಯಲ್ಲೂ ಇಂಥದ್ದೊಂದಿದೆ. ಅಜ್ಜ ಇದನ್ನು ಗಿಡದ ಕಲ್ಲು ಅನ್ನುತ್ತಿದ್ದನಂತೆ. ಸಿಕ್ಕರೆ ಮಾರದೆ ಮನೆಗೆ ತರುತ್ತಿದ್ದನಂತೆ.

“ಮುಟ್ಟಲೇನವ್ವಾ?” ಅಂತ ಅವ್ವ ಚಿತ್ರ ಬಿಡಿಸಿದ ಹುಡುಗಿಯನ್ನು ಕೇಳಿದಳು.

“ಮುಟ್ರಿ ಅಮ್ಮಾ, ಅದಕ್ಕೇ ಕೆಳಗ ಇಟ್ಟೀನಿ.”

ಅವ್ವ ಕೂತಳು. ಬೆರಳನ್ನು ಮೆಲ್ಲಗೆ ಆಡಿಸಿದಳು. ಎರಡು ಸಲ, ಮೂರು ಸಲ.

“ಕೈಗೆ ಏನೂ ಹತ್ತವಲ್ದು.”

ಹುಡುಗಿ ಓಡಿಬಂದು ಅವಳ ಪಕ್ಕ ಕೂತುಬಿಟ್ಟಳು. ತನಗೂ ಹೀಗೇ ಗೊತ್ತಾಯಿತು ಅಂದಳು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅವಳ ಕೆಲಸ ಅದೇ. ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ 1925ರಲ್ಲಿ ಮರದ ಹಲಗೆಯ ನೆಲವನ್ನು ಹೀಗೆ ಉಜ್ಜಿ ಚಿತ್ರ ಮಾಡಿದನಂತೆ. ಇವಳು ಮನೆಯ ಫರ್ಸಿ ಉಜ್ಜಿದಳು. ಬಿರುಕು ಬಂತು, ಉಳಿಯ ಗಾಯ ಬಂತು. ಗಿಡ ಮಾತ್ರ ಬರಲಿಲ್ಲ. ಎಷ್ಟು ಉಜ್ಜಿದರೂ ಆ ಜಾಗ ಖಾಲಿ.

ಅಚ್ಚು ಬಿದ್ದ ಎಲೆಯಾಗಿದ್ದರೆ ಸ್ವಲ್ಪವಾದರೂ ತಗ್ಗು ಉಬ್ಬು ಇರಬೇಕಿತ್ತು. ಇದು ಬರೀ ಕಲೆ. ಪದರಗಳ ಸಂದಿಗೆ ಇಳಿದ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್ ಕವಲೊಡೆಯುತ್ತಾ ಅಲ್ಲೇ ಕೂತಿದೆ. ಈ ಕಲ್ಲಿಗೋ 50 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಸಮುದ್ರದ ತಳದ ಕೆಸರು ಗಟ್ಟಿಯಾದದ್ದು. ಆಗ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಜರೀಗಿಡ ಎಲ್ಲಿಂದ ಬರಬೇಕು?

ಗೋಡೆ ನೋಡಿದೆ. ಉಜ್ಜಿದ ದೊಡ್ಡ ಹಾಳೆಗಳು. ಪ್ರತಿಯೊಂದರಲ್ಲೂ ಬಿರುಕು, ಗೀರು, ನಡುವೆ ಏನೂ ಇಲ್ಲದ ಬಿಳಿ ಜಾಗ. ಬರುವಾಗ ಇವನ್ನು ಅರ್ಧಕ್ಕೆ ಬಿಟ್ಟ ಚಿತ್ರಗಳು ಅಂದುಕೊಂಡು ದಾಟಿ ಬಂದಿದ್ದೆ.

ಅವ್ವನಿಗೆ ಅಸಮಾಧಾನ. ಅಜ್ಜ ಸುಳ್ಳಾದನಲ್ಲ ಅಂತ.

“ಹಂಗಾರ ಇದಕ್ಕ ಏನಂತಾರವ್ವಾ?”

“ಡೆಂಡ್ರೈಟ್ ಅಂತಾರ್ರಿ.”

“ಹಂಗಂದ್ರ?”

ಹುಡುಗಿ ನಕ್ಕಳು. “ಗ್ರೀಕ್ ಭಾಷಾದಾಗ ಡೆಂಡ್ರನ್ ಅಂದ್ರ ಗಿಡ ರೀ.”

“ಮತ್ತ ನಮ್ಮಪ್ಪ ಅಂದದ್ದೂ ಅದೇ ಅಲ್ಲ!”

ಒಂದೂವರೆ ಗಂಟೆ ಹೋದದ್ದೇ ತಿಳಿಯಲಿಲ್ಲ. ಬಸ್ ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಂತೇ ಬಂದೆವು.

ಮರುದಿನ ಬೆಳಗ್ಗೆ ಅವ್ವನ ಕಣ್ಣು ತಿಳಿಯಾಗಿತ್ತು. ನಾನು ಎದ್ದು ಬರುವಷ್ಟರಲ್ಲಿ ಕಟ್ಟೆಗೆ ಒಂದು ತಂಬಿಗೆ ನೀರು ಸುರಿದಿದ್ದಳು. ಹಸಿ ಕಲ್ಲಿನ ಮೇಲೆ ಗಿಡ ಇನ್ನೂ ಕಪ್ಪಗೆ ಎದ್ದು ಕಾಣುತ್ತಿತ್ತು. ನನ್ನ ಮಗಳನ್ನು ಪಕ್ಕ ಕೂರಿಸಿಕೊಂಡು, ಅವಳ ಬೆರಳು ಹಿಡಿದು ಕಲ್ಲಿನ ಮೇಲೆ ಆಡಿಸುತ್ತಿದ್ದಳು.

“ಕಣ್ಣು ಮುಚ್ಚು. ಏನರ ಹತ್ತತದೇನು?”