ತಗಡಿನ ಮೇಲೆ ಮಳೆ

ಬೆಳಿಗ್ಗೆಯಿಂದ ತೀರ್ಥಹಳ್ಳಿಯಲ್ಲಿ ಒಂದೇ ಸಮನೆ ಮಳೆ. ಕೊಟ್ಟಿಗೆಯ ತಗಡಿನ ಮೇಲೆ ಸದ್ದು ಜೋರಾದಾಗ ಅಕ್ಕನ ಮಗಳು ಆಟ ಬಿಟ್ಟು ತಲೆ ಎತ್ತಿದಳು. ಕಿವಿ ಹಿಂದಿನ ಮಷೀನನ್ನು ಒಮ್ಮೆ ಮುಟ್ಟಿಕೊಂಡು, ಮತ್ತೆ ಮೇಲೆ ನೋಡಿದಳು. ಎರಡೂವರೆ ವರ್ಷದವಳು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸದ್ದು ಕೇಳಿಸಲು ಒಳಗಿವಿಗೆ ಸಾಧನ ಕೂರಿಸುವ ಆಪರೇಷನ್, ಆದಮೇಲೆ ಇದು ಮೊದಲ ಮಳೆಗಾಲ.

ಮಗುವಿಗೆ ಕೇಳಿಸಲ್ಲ ಅಂತ ಗೊತ್ತಾದಾಗ ಜನ ಅಕ್ಕನನ್ನೇ ಅಂದರು. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ! ಪರೀಕ್ಷೆಯಲ್ಲಿ ಸಿಕ್ಕಿದ್ದು ಜಿಜೆಬಿ2 ಅನ್ನೋ ಜೀನ್‌ನ ದೋಷ. ಒಳಗಿವಿಯ ಜೀವಕೋಶಗಳ ನಡುವೆ ಪೊಟ್ಯಾಸಿಯಂ ದಾಟಲು ಸಣ್ಣ ಸಣ್ಣ ದಾರಿಗಳಿವೆ. ಆ ದಾರಿ ಕಟ್ಟುವ ಕನೆಕ್ಸಿನ್ 26 ಪ್ರೋಟೀನ್ ತಯಾರಾಗೋದು ಈ ಜೀನ್‌ನಿಂದಲೇ. ಇವಳಿಗೆ ಅಪ್ಪ, ಅಮ್ಮ ಇಬ್ಬರಿಂದಲೂ ಆ ಜೀನ್‌ನ ಕೆಟ್ಟ ಪ್ರತಿಯೇ ಬಂದಿತ್ತು. ಅವರಿಬ್ಬರಲ್ಲೂ ಒಂದೊಂದು ಒಳ್ಳೆಯ ಪ್ರತಿಯೂ ಇರೋದರಿಂದ ಕಿವಿ ಚೆನ್ನಾಗಿಯೇ ಕೇಳಿಸುತ್ತೆ. ಹೀಗಿದ್ದಾಗ ಹುಟ್ಟುವ ಒಂದೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದರಲ್ಲಿ ಅಕ್ಕನ ತಪ್ಪು ಎಲ್ಲಿ ಬಂತು?

ಮೆದುಳು ಮಾತು ಕಲಿಯೋದು ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ. ಆಗಲೇ ಅದಕ್ಕೆ ಸದ್ದು ಮುಟ್ಟಬೇಕು. ಮಗು ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸಿ, ದಯವಿಟ್ಟು. ‘ಆಮೇಲೆ ನೋಡೋಣ’ ಅನ್ನಬೇಡಿ.

ಈಗ ಅವಳು ಕಿಟಕಿ ಸರಳು ಹಿಡಿದು ನಿಂತು ‘ಮಯೆ, ಮಯೆ’ ಅಂತಿದ್ದಾಳೆ. ಅಕ್ಕ ಒಲೆ ಮುಂದಿನಿಂದ ಎದ್ದು ಬಂದಳು.